ಹರಳುಬೀಜದ ಪಾಠ

ಮಾಂಬಳ್ಳಿಯ ಮನೆಯೊಂದರ ಅಂಗಳದಲ್ಲಿ ಅಜ್ಜಿ ಹರಳುಬೀಜಗಳನ್ನು ಒಣಹಾಕಿದ್ದಳು. ಚುಕ್ಕೆಚುಕ್ಕೆಯ ಆ ಬೀಜಗಳಿಗೆ ಕೈಯೊಡ್ಡಿದ ಮೊಮ್ಮಗನನ್ನು ತಡೆದು, "ಬಾಯಿಗ ಹಾಕ್ಕಬ್ಯಾಡ ಕನ ಮಗ, ವಿಷ ಅದು" ಎಂದಳು. ಅದೇ ಬೀಜದ ಎಣ್ಣೆಯನ್ನು ಆ ಮಗುವಿನ ನೆತ್ತಿಗೆ ತಟ್ಟಿ ಬೆಳೆಸಿದವಳೂ ಅವಳೇ. ಎಣ್ಣೆಗೆ ಇಳಿಯದೆ ಹಿಂಡಿಯಲ್ಲಿಯೇ ಉಳಿಯುವ ಆ ವಿಷದ ಹೆಸರು ರಿಸಿನ್.

ಆ ವರ್ಷ ಮಗುವಿನ ತಂದೆಯ ಕೊರಳಲ್ಲಿ ಗಂಟೊಂದು ಮೂಡಿತ್ತು. ನೋವಿಲ್ಲವೆಂದು ಅವನು ತಿಂಗಳುಗಟ್ಟಲೆ ಉಪೇಕ್ಷಿಸಿದನು. ಕಡೆಗೆ ಬೆಂಗಳೂರಿನ ವೈದ್ಯರು ಗಂಟಿನ ತುಣುಕನ್ನು ಪರೀಕ್ಷಿಸಿ, ಅದು ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂದರು. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಮಿತಿಮೀರಿ ಬೆಳೆಯುವ ರೋಗವಿದು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಈ ರೋಗಕ್ಕೆ ಕೊಡುವ ಔಷಧಗಳಲ್ಲಿ ಅನೇಕವು ವಿಷಗಳೇ. ಅವು ಕಳೆಯೊಡನೆ ಪೈರನ್ನೂ ಬಾಡಿಸುತ್ತವೆ. ವಿಷವನ್ನು ರೋಗದ ಜೀವಕೋಶಕ್ಕೆ ಮಾತ್ರವೇ ಮುಟ್ಟಿಸುವುದು ಹೇಗೆ? 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು, ಒಂದೇ ಗುರುತನ್ನು ಅರಸಿ ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವ ಮಾರ್ಗವನ್ನು ತೋರಿದರು. ಮುಂದೆ ಅಂತಹ ಪ್ರತಿಕಾಯಕ್ಕೆ ಹರಳುಬೀಜದ ರಿಸಿನ್ನಿನ ಒಂದು ಭಾಗವನ್ನೇ ಬೆಸೆದು ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಕೆಲವರ ಗಂಟು ಕುಗ್ಗಿತು. ಆದರೆ ರಕ್ತನಾಳಗಳು ಸೋರುವ ತೊಂದರೆ ಅಡ್ಡಬಂದಿತು. ಬೇರೊಂದು ವಿಷವನ್ನು ಹೊತ್ತ ಬ್ರೆಂಟಕ್ಸಿಮ್ಯಾಬ್ ವೆಡೊಟಿನ್ ಎಂಬ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಮಾರಕಾಸ್ತ್ರವನ್ನು ತಾನೇ ಹೊತ್ತು ತಿರುಗುವ ಕಾವಲುಗಾರನೂ ದೇಹದಲ್ಲಿ ಉಂಟು; ಅದುವೇ ಟಿ ಜೀವಕೋಶ. ಅದು ವೈರಿಕೋಶಕ್ಕೆ ಅಂಟಿಕೊಂಡು, ಪರ್ಫೊರಿನ್ನಿನಿಂದ ರಂಧ್ರ ಕೊರೆದು, ಗ್ರಾಂಜೈಮ್ ಎಂಬ ಮಾರಕ ದ್ರವ್ಯವನ್ನು ಒಳಗೆ ಸೇರಿಸುತ್ತದೆ. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ಮಾರ್ಪಡಿಸಿ, ಮರಳಿ ದೇಹಕ್ಕೆ ಸೇರಿಸುವುದೇ ಕಾರ್-ಟಿ ಚಿಕಿತ್ಸೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಶ್ರಮದಿಂದ ರೂಪುಗೊಂಡ ಇಂತಹ ಚಿಕಿತ್ಸೆಗೆ 2023ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಚಿಕಿತ್ಸೆಯೂ ಬಂದಿತು. ಇತರ ಔಷಧಗಳಿಗೆ ಬಗ್ಗದ ಅಥವಾ ಮರುಕಳಿಸಿದ ರೋಗಕ್ಕೆ ಇದು ಆಸರೆ. ಆದರೆ ವೆಚ್ಚ ಹಲವು ಲಕ್ಷ ರೂಪಾಯಿ.

ಮಾಂಬಳ್ಳಿಯ ರೈತನಿಗೆ ಆ ಹಂತಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. ಹಳೆಯ ಔಷಧಗಳಿಂದಲೇ ಅವನ ಗಂಟು ಕರಗಿತು, ತಲೆಗೂದಲೂ ಉದುರಿತು. ಆ ಬೋಳುತಲೆಗೆ ತಾಯಿ ಹರಳೆಣ್ಣೆ ತಟ್ಟುತ್ತಿದ್ದಾಗ ನೋಡಬಂದ ನೆರೆಹೊರೆಯವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದನು: "ಗಂಟು ನೋಯ್ನಿಲ್ಲ ಅಂತ ಸುಮ್ನ ಕೂರಬ್ಯಾಡಿ."