ಕಚ್ಚೆ ಸೀರೆ ಇಲ್ಲದ ಕಪಾಟು

ಬೈಲಹೊಂಗಲದ ಒಂದು ಪಡಸಾಲೆ. ಅಕ್ಟೋಬರ್ 23ರ ರಾತ್ರಿ, ಮನೆಮಂದಿ ಆಗಷ್ಟೇ ಕಿತ್ತೂರು ಉತ್ಸವದಿಂದ ಬಂದಿದ್ದಾರೆ. ನೀವು ಚಾಪೆಯ ಮೇಲೆ ಕೂತಿದ್ದೀರಿ. ಪಕ್ಕದಲ್ಲಿ ಒಂಬತ್ತನೇ ಇಯತ್ತೆಯ ಹುಡುಗಿ, ಅವಳ ಕೈಯಲ್ಲಿ ಪ್ಲೇಸ್ಟೇಷನ್ ಕಂಟ್ರೋಲರ್. ಟಿವಿಯಲ್ಲಿ 2018ರಲ್ಲಿ ಬಂದ ‘ಸೋಲ್‌ಕ್ಯಾಲಿಬರ್ 6’. ಅವಳಿನ್ನೂ ಕಾದಾಟಕ್ಕೆ ಇಳಿದಿಲ್ಲ, ಕಾದಾಡುವವಳನ್ನು ತಯಾರು ಮಾಡುತ್ತಿದ್ದಾಳೆ.

“ಯಾರನ್ನ ಮಾಡಾಕತ್ತೀ?”

“ಚೆನ್ನಮ್ಮನ್ನ.”

ಆಟ ಮೊದಲು ಜಾತಿ ಕೇಳುತ್ತದೆ: ಮನುಷ್ಯರೋ, ಹಲ್ಲಿಮಾನವರೋ? ಆಮೇಲೆ ಕತ್ತಿವರಸೆ. ಹೊಸ ವರಸೆ ಹುಟ್ಟಿಸಲು ಬರುವುದಿಲ್ಲ, ಆಟದೊಳಗಿನ ಯಾರಾದರೊಬ್ಬ ವೀರರದ್ದನ್ನು ಎರವಲು ಪಡೆಯಬೇಕು. ಹುಡುಗಿಯ ಬೆರಳು ಸೊಫಿಟಿಯಾ ಮೇಲೆ ನಿಲ್ಲುತ್ತದೆ. ಅಥೆನ್ಸಿನ ಹೆಣ್ಣುಮಗಳು, ಒಂದು ಕೈಯಲ್ಲಿ ಗಿಡ್ಡ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಕಿತ್ತೂರಿನ ರಾಣಿಗೆ ಇದು ಒಪ್ಪುತ್ತದೆ. ದನಿಯ ಪಟ್ಟಿಯನ್ನು ಅವಳು ಮಂದ್ರಕ್ಕೆ ಇಳಿಸುತ್ತಾಳೆ. 1824ರಲ್ಲಿ ಇದೇ ದಿನ ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತುಬಿದ್ದ. ಆ ಹೊತ್ತಿನ ರಾಣಿಯ ದನಿ ಕೀಚಲಾಗಿರಬಾರದು ಎಂಬುದು ಅವಳ ಹಟ. ಮೈಬಣ್ಣದ ಗುಂಡಿ ಹಾಲುಬಿಳುಪಿನಿಂದ ಸರಿದು ಎಣ್ಣೆಗಪ್ಪಿನ ಹತ್ತಿರ ನಿಲ್ಲುತ್ತದೆ.

ಇಲ್ಲಿಯವರೆಗೆ ಎಲ್ಲ ಸಲೀಸು. ಈಗ ಬಟ್ಟೆಯ ಕಪಾಟು ತೆರೆಯುತ್ತದೆ.

ಉಕ್ಕಿನ ಕವಚ, ಕಿಮೊನೊ, ತುಪ್ಪಳದ ಕೋಟು, ಮೊಣಕಾಲಿನವರೆಗಿನ ಬೂಟು. ಹುಡುಗಿ ಕೆಳಗೆ, ಇನ್ನೂ ಕೆಳಗೆ ಸರಿಸುತ್ತಾಳೆ. ಕಚ್ಚೆ ಸೀರೆ ಇಲ್ಲ. ಸಡಿಲ ಪೈಜಾಮಾ ತೊಡಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಹೆಗಲಿಗೊಂದು ಶಾಲು ಹೊದಿಸಿ, ಎಲ್ಲಕ್ಕೂ ಕುಂಕುಮದ ಕೆಂಪು ಹಚ್ಚುತ್ತಾಳೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡುತ್ತಾಳೆ. “ಕಚ್ಚಿ ಎಲ್ಲಿ ಐತಿ? ಹಿಂದಕ ಸಿಗಸದಿದ್ರ ಕುದರಿ ಹತ್ತೂದು ಹೆಂಗ?”

ಎದ್ದು ನಿಂತು ತಾನುಟ್ಟ ಇಳಕಲ್ ಸೀರೆಯನ್ನೇ ತೋರಿಸುತ್ತಾಳೆ. ಹತ್ತಿರದಿಂದ ನೋಡಿ: ಮುಂದಿನ ನಿರಿಗೆ ಕಾಲ ನಡುವಿನಿಂದ ಹಾದು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಕೊಂಡಿದೆ. ಎರಡೂ ಕಾಲು ಸ್ವತಂತ್ರ. ಹೆಗಲ ಮೇಲೆ ಕೆಂಪು ಟೋಪ್‌ತೆನಿ ಸೆರಗಿನ ಬಿಳಿ ಹಲ್ಲುಗಳು. ಹೊಲದಲ್ಲಿ ಕಳೆ ತೆಗೆಯುವುದಕ್ಕೂ ಕುದುರೆ ಏರುವುದಕ್ಕೂ ಅನುವಾದ ಉಡುಗೆ. ಆಟದ ಕಪಾಟಿಗೆ ಗೊತ್ತಿರುವುದು ಪ್ಯಾಂಟು ಮತ್ತು ಲಂಗ. ಒಂದೇ ಬಟ್ಟೆ ಎರಡರ ಕೆಲಸವನ್ನೂ ಮಾಡಬಲ್ಲದೆಂದು ಅದನ್ನು ಕಟ್ಟಿದವರಿಗೆ ಹೇಳಿದವರಿಲ್ಲ.

ತಮ್ಮನ ಸರದಿಗೆ ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣ. ಮೀಸೆ ಸಿಗುತ್ತದೆ. ಸವದತ್ತಿ ಯಲ್ಲಮ್ಮನ ಭಂಡಾರವೂ ಹಣೆಯ ಮೇಲೆ ಹಳದಿ ಬಣ್ಣವಾಗಿ ಬಂದುಬಿಡುತ್ತದೆ. ಕಂಬಳಿ ಮಾತ್ರ ಹೆಗಲ ಮೇಲೆ ನಿಲ್ಲದು.

ನನಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ಬ್ರಿಟಿಷರ ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ಕಣ್ಣು ಮುಚ್ಚಿದ್ದು ಇದೇ ಬೈಲಹೊಂಗಲದಲ್ಲಿ, ಸಮಾಧಿಯೂ ಇಲ್ಲೇ ಇದೆ. ಆ ಊರಿನ ಹುಡುಗಿ ತನ್ನ ರಾಣಿಗೆ ಪರದೇಶದ ಪೈಜಾಮಾ ತೊಡಿಸಬೇಕಾಗಿ ಬಂದಿದೆ. ಜಪಾನಿನವರು ಹೀಗೆ ಬಿಡಲಿಲ್ಲ. 2006ರಲ್ಲಿ ವೀ ಕನ್ಸೋಲಿನೊಂದಿಗೆ ಬಂದ ‘ಮೀ’ ಗೊಂಬೆಗಳಿಗೆ ಆಟ ವಿನ್ಯಾಸಕ ಶಿಗೆರು ಮಿಯಾಮೊಟೊ ಅವರಿಗೆ ಸ್ಫೂರ್ತಿಯಾದದ್ದು ಅವರ ನಾಡಿನ ಕೊಕೆಶಿ ಎಂಬ ಮರದ ಬೊಂಬೆ. ಹಳ್ಳಿಯ ಬೊಂಬೆಯೊಂದು ಜಗತ್ತಿನ ಮನೆಮನೆಯಲ್ಲಿ ಆಡುವವರ ಮುಖವಾಯಿತು.

ನಮ್ಮಲ್ಲಿ ಕಸುಬುದಾರರಿಗೇನೂ ಬರವಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರ್ಯಾಕ್ಟಿವ್ ಹೊರದೇಶದ ಆಟಗಳಿಗೆ ವರ್ಷಗಟ್ಟಲೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಆಟ ತಯಾರಿಸುವ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ನಮ್ಮ ಕೈಗಳು ಕನ್ಸೋಲಿನೊಳಗೆ ಎಂದೋ ಹೊಕ್ಕಿವೆ. ನಮ್ಮ ಬಟ್ಟೆ ಹೊಗಬೇಕಿದೆ, ಅಷ್ಟೇ.

ಆಟ ಕಟ್ಟುವ ಕನ್ನಡದ ಕಲಾವಿದರೇ, ಮುಂದಿನ ಕಪಾಟಿನಲ್ಲಿ ಒಂದು ಕಚ್ಚೆ ಸೀರೆ, ಒಂದು ರುಮಾಲು, ಒಂದು ಕಂಬಳಿ ಇಡಿ. ನೇಯ್ಗೆ ನೋಡಬೇಕಿದ್ದರೆ ರಾಮದುರ್ಗದಲ್ಲಿ ಮಗ್ಗಗಳಿವೆ. ಉಡುವ ಬಗೆ ತಿಳಿಯದಿದ್ದರೆ ಬೈಲಹೊಂಗಲಕ್ಕೆ ಬನ್ನಿ, ಉಟ್ಟು ತೋರಿಸುವ ಅಜ್ಜಿಯರು ಇಲ್ಲಿ ಇನ್ನೂ ಇದ್ದಾರೆ.