ಶಕ್ತಿಗಢದ ಅರ್ಧ ಗಂಟೆ

ಕಲ್ಕತ್ತೆಗೂ ವಿದ್ಯುತ್ತಿನಿಂದ ಓಡುವ ಬಂಡಿಗೂ ನಂಟು ನಿನ್ನೆ ಮೊನ್ನೆಯದಲ್ಲ. 1902ರ ಮಾರ್ಚ್ ತಿಂಗಳಲ್ಲಿ ಎಸ್‌ಪ್ಲನೇಡಿನಿಂದ ಖಿದಿರ್‌ಪುರದವರೆಗೆ ಇಲ್ಲಿನ ಮೊದಲ ವಿದ್ಯುತ್ ಟ್ರಾಮು ಓಡಿತು. ಅದೇ ವರ್ಷ ಜೂನ್ ತಿಂಗಳಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಮುಂದೆ 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ಕಾರು ರಸ್ತೆಗಿಳಿಯಿತು. ಅದಕ್ಕೆ ಒಂದು ರಾತ್ರಿಯೆಲ್ಲ ವಿದ್ಯುತ್ತು ಉಣಿಸಿದರೆ ಮರುದಿನ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಕಂಡವರೆಲ್ಲ ಆಟದ ಸಾಮಾನೆಂದು ನಕ್ಕರು. ಇಂದು ಕಲ್ಕತ್ತೆಯಲ್ಲಿ ಟ್ರಾಮಿನ ದಾರಿಗಳು ಬಹುಮಟ್ಟಿಗೆ ಮುಚ್ಚಿವೆ. ರೇವಾದ ದಾಯಾದಿಗಳು ಮಾತ್ರ ಬೀದಿಬೀದಿಯಲ್ಲಿ ಸದ್ದಿಲ್ಲದೆ ಓಡಾಡುತ್ತಿವೆ.

ಸಾಲ್ಟ್ ಲೇಕಿನಲ್ಲಿರುವ ನಮ್ಮ ಭಾವನವರು ಅಂಥದೊಂದು ಟಿಯಾಗೋ ಕಾರು ಕೊಂಡಿದ್ದಾರೆ. ಕಳೆದ ಚಳಿಗಾಲದಲ್ಲಿ ಅಕ್ಕ, ಭಾವ, ನಾನು, ನನ್ನ ಶ್ರೀಮತಿ, ಜೊತೆಗೆ ಒಂದು ಮಗು, ಇಷ್ಟು ಮಂದಿ ಅದರಲ್ಲಿ ಶಾಂತಿನಿಕೇತನಕ್ಕೆ ಹೊರಟೆವು. ದಾರಿ ಸುಮಾರು 165 ಕಿಲೋಮೀಟರು. ಕಾರಿನ ಬ್ಯಾಟರಿ 24 ಯೂನಿಟ್ಟಿನದು. ಕಂಪನಿಯ ಕಾಗದದಲ್ಲಿ 300 ಕಿಲೋಮೀಟರಿಗೂ ಮೇಲೆ ಓಡುತ್ತದೆಂದು ಬರೆದಿದೆ. ಹೆದ್ದಾರಿಯ ವೇಗದಲ್ಲಿ, ಐದು ಜನರ ಭಾರದಲ್ಲಿ, ಯೂನಿಟ್ಟಿಗೆ 7 ಕಿಲೋಮೀಟರು ಎಂದು ಹಿಡಿಯುವುದೇ ಕ್ಷೇಮ ಎಂಬುದು ಭಾವನವರ ಲೆಕ್ಕ. ಆದುದರಿಂದ ನಡುದಾರಿಯಲ್ಲಿ ಒಮ್ಮೆ ನಿಲ್ಲಲೇಬೇಕು.

ವಿದ್ಯಾಸಾಗರ ಸೇತುವೆ ದಾಟಿ, ದಾನಕುಣಿಯ ಬಳಿ ದುರ್ಗಾಪುರದ ಹೆದ್ದಾರಿ ಹಿಡಿದೆವು. ಸ್ವಲ್ಪ ಹೊತ್ತಿಗೆ ಸಿಂಗೂರು ಬಂತು. ಬಡವರ ಕಾರೆಂದು ಹೆಸರಾದ ‘ನ್ಯಾನೋ’ದ ಕಾರ್ಖಾನೆ ಏಳಬೇಕಾಗಿದ್ದುದು ಇಲ್ಲಿಯೇ. ಜಮೀನಿನ ವಿವಾದದಿಂದ ಅದು 2008ರಲ್ಲಿ ಗುಜರಾತಿನ ಸಾನಂದಕ್ಕೆ ಹೋಯಿತು. ನಾವು ಕುಳಿತಿದ್ದ ಕಾರು ತಯಾರಾದದ್ದು ಆ ಸಾನಂದದಲ್ಲಿಯೇ.

ಸುಮಾರು 90 ಕಿಲೋಮೀಟರಿಗೆ ಶಕ್ತಿಗಢ. ‘ಲ್ಯಾಂಗ್ಚಾ’ ಎಂಬ ಮಿಠಾಯಿಗೆ ಹೆಸರಾದ ಊರು. ನಮ್ಮ ಜಾಮೂನಿನ ಉದ್ದನೆಯ ಅಣ್ಣ ಎನ್ನಬಹುದು. ಬ್ಯಾಟರಿಯಲ್ಲಿ ಶೇಕಡ 45 ಉಳಿದಿತ್ತು. ಊಟದ ಅಂಗಡಿಯೊಂದರ ಅಂಗಳದಲ್ಲಿ ಚಾರ್ಜಿಂಗ್ ಯಂತ್ರ ನಿಂತಿತ್ತು. ಅದರ ಹಣೆಯ ಮೇಲೆ ‘60 ಕಿಲೋವಾಟ್’ ಎಂದು ಬರೆದಿತ್ತು.

“ಹಾಗಾದರೆ ಗಂಟೆಗೆ 60 ಯೂನಿಟ್ಟು ಕೊಡುತ್ತದೆ. ನಮಗೆ ಹತ್ತು ನಿಮಿಷ ಸಾಕಲ್ಲವೇ ಭಾವ?” ಎಂದು ನನ್ನ ಶ್ರೀಮತಿ ಕೇಳಿದಳು.

“ಯಂತ್ರ ಎಷ್ಟು ಕೊಡಬಲ್ಲದು ಎನ್ನುವುದು ಒಂದು ಮಾತು, ತಾಯಿ. ಕಾರು ಎಷ್ಟು ಉಣ್ಣಬಲ್ಲದು ಎನ್ನುವುದು ಇನ್ನೊಂದು” ಎಂದರು ಭಾವನವರು.

ಸಂಗತಿ ಇದು. ಮನೆಯ ಪ್ಲಗ್ಗಿನಲ್ಲಿ ಬರುವುದು ಎ.ಸಿ. ವಿದ್ಯುತ್ತು, ಬ್ಯಾಟರಿ ಒಪ್ಪುವುದು ಡಿ.ಸಿ.ಯನ್ನು. ಮನೆಯಲ್ಲಿ ಹಚ್ಚಿದಾಗ ಈ ಮಾರ್ಪಾಟನ್ನು ಕಾರಿನೊಳಗಿನ ಸಣ್ಣ ಯಂತ್ರ ನಿಧಾನವಾಗಿ ಮಾಡುತ್ತದೆ. 15 ಆಂಪಿಯರಿನ ಪ್ಲಗ್ಗಾದರೆ ಬ್ಯಾಟರಿ ತುಂಬಲು ಎಂಟೊಂಬತ್ತು ಗಂಟೆ. ಹೆದ್ದಾರಿಯ ಯಂತ್ರ ಮಾರ್ಪಾಟನ್ನು ತಾನೇ ಮಾಡಿ, ಡಿ.ಸಿ.ಯನ್ನು ನೇರವಾಗಿ ಬ್ಯಾಟರಿಗೆ ಕೊಡುತ್ತದೆ. ಆದರೆ ಸಣ್ಣ ಬ್ಯಾಟರಿ ಅವಸರದಲ್ಲಿ ಉಂಡರೆ ಕಾಯುತ್ತದೆ, ಕೆಡುತ್ತದೆ. ಅದಕ್ಕಾಗಿ ಕಾರೇ ಮಿತಿ ಹಾಕಿಕೊಂಡಿರುತ್ತದೆ. ಈ ಕಾರು ಶೇಕಡ 10ರಿಂದ 80ಕ್ಕೆ ಏರಲು 58 ನಿಮಿಷ ಎಂದು ಕಂಪನಿಯೇ ಹೇಳುತ್ತದೆ. ಅಂದರೆ ಒಂದು ಗಂಟೆಗೆ 17 ಯೂನಿಟ್ಟು. ಯಂತ್ರದ ಮೇಲೆ 60 ಎಂದಿರಲಿ, 120 ಎಂದಿರಲಿ, ನಮ್ಮ ಪಾಲಿಗೆ ಅದು ಒಂದೇ. 2023ರಲ್ಲಿ ಬಂದ ‘ಕಾಮೆಟ್’ ಎಂಬ ಇನ್ನೂ ಪುಟ್ಟ ಕಾರಿಗಂತೂ ಮೊದಲಿಗೆ ಈ ವೇಗದ ಸೌಕರ್ಯವೇ ಇರಲಿಲ್ಲ. ಕಡಮೆ ಬೆಲೆಯ ಕಾರು ಕೊಳ್ಳುವವರು ಕೇಳಬೇಕಾದುದು ಕಾರಿನ ಮಿತಿಯನ್ನು, ಯಂತ್ರದ ದೊಡ್ಡಸ್ತಿಕೆಯನ್ನಲ್ಲ.

ನಮಗಿಂತ ಮುಂಚೆ ಒಂದು ಕಾರು ಹಚ್ಚಿಕೊಂಡು ನಿಂತಿತ್ತು. ಶೇಕಡ 91 ಆಗಿದ್ದರೂ ಅದರ ಯಜಮಾನರು ನೂರಾಗಲೆಂದು ಕಾದಿದ್ದರು. ಮದುವೆಯ ಪಂಕ್ತಿಯಲ್ಲಿ ಮೊದಲ ಅನ್ನ ಸರಸರನೆ ಇಳಿಯುತ್ತದೆ. ಕೊನೆಯ ಹೋಳಿಗೆ ಮಾತ್ರ ಎಲೆಯ ಮೇಲೆ ಕೂತೇ ಇರುತ್ತದಷ್ಟೆ! ಬ್ಯಾಟರಿಯ ಹಾಡೂ ಅದೇ. 80ರ ಮೇಲೆ ಅದು ತೀರ ನಿಧಾನವಾಗುತ್ತದೆ. ಹಿಂದೆ ಜನ ಕಾದಿರುವಾಗ 80ಕ್ಕೆ ಎದ್ದು ಎಲೆ ಬಿಟ್ಟುಕೊಡುವುದು ಮರ್ಯಾದೆ. ಭಾವನವರು ನಗುನಗುತ್ತ ಬಂಗಾಳಿಯಲ್ಲಿ ಎರಡು ಮಾತಾಡಿದರು. ಆ ಮಹನೀಯರು ಲ್ಯಾಂಗ್ಚಾದ ಪೊಟ್ಟಣದೊಂದಿಗೆ ಹೊರಟರು.

ನಮ್ಮ ಸರದಿ ಅರ್ಧ ಗಂಟೆಯಲ್ಲಿ ಮುಗಿಯಿತು. ಅಲ್ಲಿಯ ದರ ಯೂನಿಟ್ಟಿಗೆ 18 ರೂಪಾಯಿ. 9 ಯೂನಿಟ್ಟಿಗೆ 162, ಅದರ ಮೇಲೆ ಶೇಕಡ 18 ತೆರಿಗೆ ಸೇರಿ 191 ರೂಪಾಯಿ. ಮನೆಯಲ್ಲಿ ಬಳಸುವ ವಿದ್ಯುತ್ತಿಗೆ ಜಿ.ಎಸ್.ಟಿ. ಇಲ್ಲ, ಇಲ್ಲಿ ಮಾತ್ರ ಏಕೆ? ಇದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲಿಯೇ ಇದೆ. ಮೈಸೂರು ಸೀಮೆಗೆ ವಿದ್ಯುತ್ತು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೇಳಿದ ಪ್ರಶ್ನೆಗೆ, ಚಾರ್ಜು ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಸೇವೆ. ಆದ್ದರಿಂದ ಶೇಕಡ 18 ತೆರಿಗೆ ಸಲ್ಲಬೇಕು ಎಂದು 2023ರಲ್ಲಿ ಕರ್ನಾಟಕದ ತೆರಿಗೆ ಪ್ರಾಧಿಕಾರ ಹೇಳಿತು. ಕೌತುಕವೆಂದರೆ ಮೈಸೂರಿನ ಆ ನಿಗಮಕ್ಕೂ ಕಲ್ಕತ್ತೆಗೆ ದೀಪ ಕೊಡುವ ಕಂಪನಿಗೂ ಇಂಗ್ಲಿಷಿನ ಕಿರುಹೆಸರು ಒಂದೇ: ಸಿ.ಇ.ಎಸ್.ಸಿ.

ಗುಮಾಸ್ತೆಯ ಕೈ ಸುಮ್ಮನಿರುವುದಿಲ್ಲ. ಬಿಲ್ಲಿನ ಹಿಂಬದಿಯಲ್ಲಿಯೇ ಲೆಕ್ಕ ಹಾಕಿದೆ. ಆ 9 ಯೂನಿಟ್ಟಿಗೆ ಕಾರು ಓಡುವುದು ಸುಮಾರು 60 ಕಿಲೋಮೀಟರು. ಕಿಲೋಮೀಟರಿಗೆ ಮೂರು ರೂಪಾಯಿ ಚಿಲ್ಲರೆ ಬಿತ್ತು. ಮನೆಯ ದರ 8 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಒಂದೂಕಾಲು ರೂಪಾಯಿಯೂ ಆಗದು. ಲೀಟರಿಗೆ 18 ಕಿಲೋಮೀಟರು ಕೊಡುವ ಪೆಟ್ರೋಲಿನ ಸಣ್ಣ ಕಾರಾದರೆ ಸುಮಾರು ಆರು ರೂಪಾಯಿ.

ಆ ಸಂಜೆ ಶಾಂತಿನಿಕೇತನ ಸೇರಿದೆವು. ಇಳಿದುಕೊಂಡ ಮನೆಯವರು ಅಂಗಳದ ಪ್ಲಗ್ಗನ್ನು ತೋರಿಸಿ, ರಾತ್ರಿಗೆ ನೂರು ರೂಪಾಯಿ ಕೇಳಿದರು. ನಾವು ಮಲಗಿ ಏಳುವುದರೊಳಗೆ ಬ್ಯಾಟರಿ ತುಂಬಿತ್ತು. ಮರುದಿನ ಸಾಲವೃಕ್ಷಗಳ ಕೆಳಗೆ ಓಡಾಡಿ, ಹಿಂದಿರುಗುವಾಗ ಮತ್ತೆ ಶಕ್ತಿಗಢದಲ್ಲಿ ಸ್ವಲ್ಪ ಹೊತ್ತು ನಿಂತು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.

ಪ್ರವಾಸವೇನೋ ಸೊಗಸಾಯಿತು. ಆದರೆ ಬಿಲ್ಲಿನ ಹಿಂಬದಿಯ ಲೆಕ್ಕ ನನ್ನನ್ನು ಬಿಡಲಿಲ್ಲ. ಭಾವನವರಿಗೆ ಸ್ವಂತ ಗ್ಯಾರೇಜಿದೆ; ದಿನದ ಓಡಾಟಕ್ಕೆ ಮನೆಯ ದರ, ವರ್ಷಕ್ಕೆ ನಾಲ್ಕು ಸಲ ಹೆದ್ದಾರಿಯ ದರ. ಅವರಿಗೆ ಈ ಕಾರು ಲಾಭ. ಲೇಕ್ ಮಾರ್ಕೆಟ್ಟಿನ ಸುತ್ತ ಮೂರನೆಯ ಅಂತಸ್ತಿನಲ್ಲಿ ಬಾಡಿಗೆಗಿರುವ ನಮ್ಮಂಥವರು ಕಾರನ್ನು ಬೀದಿಯಲ್ಲಿ ನಿಲ್ಲಿಸಬೇಕು. ದಿನವೂ ಹೊರಗಿನ ಯಂತ್ರವೇ ಗತಿ. ಕಡಮೆ ಬೆಲೆಯ ಕಾರು ಯಾರಿಗೆಂದು ಮಾಡಿದರೋ ಅವರೇ ಪ್ರತಿ ಕಿಲೋಮೀಟರಿಗೆ ಎರಡೂವರೆ ಪಾಲು ಹೆಚ್ಚು ತೆರಬೇಕು! ವೇಗದ ಯಂತ್ರಗಳು ಇನ್ನೂ ಎಷ್ಟು ನೆಟ್ಟರೂ ಇದು ತೀರುವುದಿಲ್ಲ. ನಮಗೆ ಬೇಕಾದುದು ನಿಧಾನದ ಪ್ಲಗ್ಗು, ರಾತ್ರಿ ಕಾರು ಮಲಗುವಲ್ಲಿ, ಇಲ್ಲವೆ ಹಗಲು ಕಚೇರಿಯ ಅಂಗಳದಲ್ಲಿ. ಮನೆ, ಕಚೇರಿಗಳಲ್ಲಿ ಚಾರ್ಜು ಮಾಡಿಕೊಳ್ಳಲು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿಯೇ ಅನುಮತಿ ಇದೆ. 2024ರ ಮಾರ್ಗಸೂಚಿಯಂತೂ ಚಾರ್ಜಿಂಗ್ ನಿಲ್ದಾಣಗಳಿಗೆ ಬೆಳಗಿನ 9ರಿಂದ ಸಂಜೆ 4ರವರೆಗೆ, ಬಿಸಿಲಿನ ವಿದ್ಯುತ್ತು ಧಾರಾಳವಾಗಿರುವ ವೇಳೆಯಲ್ಲಿ, ಅಗ್ಗದ ದರದಲ್ಲಿ ವಿದ್ಯುತ್ತು ಕೊಡಬೇಕೆಂದು ಹೇಳಿದೆ. ಕಾಗದದಲ್ಲಿರುವುದು ಅಂಗಳಕ್ಕೆ ಇಳಿಯಬೇಕು, ಅಷ್ಟೆ.

ನಮ್ಮ ಸಂಘದ ಬಂಧುಗಳು ಹೊಸ ಮನೆ ನೋಡಲು ಹೋದಾಗ ನೀರು, ಗಾಳಿ, ಬೆಳಕುಗಳನ್ನು ವಿಚಾರಿಸುವುದರ ಜೊತೆಗೆ, ಕಾರು ನಿಲ್ಲುವಲ್ಲಿ ಅರ್ತಿಂಗ್ ಸರಿಯಾಗಿರುವ 15 ಆಂಪಿಯರಿನ ಪ್ಲಗ್ಗೊಂದು ಸಿಕ್ಕೀತೇ ಎಂದೂ ಕೇಳಿರಿ. ನಾನು ನಮ್ಮ ಮನೆಯ ಯಜಮಾನರನ್ನು ಕೇಳಿದ್ದೇನೆ. ತಂತಿಯ ಖರ್ಚೂ ನನ್ನದೇ, ಮೀಟರೂ ನನ್ನದೇ ಎಂದಿದ್ದೇನೆ. “ಪೂಜೆ ಮುಗಿಯಲಿ, ನೋಡೋಣ” ಎಂದಿದ್ದಾರೆ. ಪೂಜೆ ಮುಗಿಯಲೆಂದು ಕಾದಿದ್ದೇನೆ.