ಕೈಯಲ್ಲುಳಿದ ದಶಕ

ವಿಂಡೋಸ್ ಗಣಕಯಂತ್ರದ ಬ್ಯಾಚ್ ಕಡತಕ್ಕೆ ಲೆಕ್ಕವನ್ನು ಒದಗಿಸುವ ‘ಸೆಟ್’ ಆಜ್ಞೆಯು ಬಹು ಅಲ್ಪಸಂತೋಷಿ. ಭಿನ್ನರಾಶಿಯನ್ನು ಅದು ಅರಿಯದು. 7ನ್ನು 2ರಿಂದ ಭಾಗಿಸೆಂದರೆ 3 ಎಂದು ಹೇಳಿ ಸುಮ್ಮನಾಗುವುದು. 32 ಬಿಟ್‌ಗಳಲ್ಲಿಯೇ ಅದರ ಲೋಕವೆಲ್ಲ ಅಡಗಿರುವುದರಿಂದ 2,14,74,83,647ಕ್ಕೆ ಮೇಲಾದ ಸಂಖ್ಯೆಯೂ ಅದಕ್ಕಿಲ್ಲ.

ಇದನ್ನರಿಯದ ಲೆಕ್ಕಿಗನೊಬ್ಬನು, ದಿನದ ಕಡತಗಳ ಮೊತ್ತವು 200 ಕೋಟಿ ಬೈಟುಗಳಿಗೆ ಕಡಮೆಯಿದ್ದರೆ ಅವನ್ನು ಬೇರೊಂದು ಡಿಸ್ಕಿಗೆ ನಕಲುಮಾಡಿ ಮೂಲವನ್ನು ಅಳಿಸುವಂತೆ ಬರೆದಿಟ್ಟಿದ್ದನು. ಒಂದು ರಾತ್ರಿ 150 ಕೋಟಿಯ ಕಡತಗಳೆರಡು ಬಂದುವು. ಮೊತ್ತವು 300 ಕೋಟಿಯಾಗದೆ ಋಣ 1,29,49,67,296 ಆಯಿತು. ಕೂಡುವಾಗ ಯಂತ್ರವು ತಕರಾರನ್ನೇ ಎತ್ತಲಿಲ್ಲ. ಋಣರಾಶಿಯು 200 ಕೋಟಿಗೆ ಕಡಮೆಯಷ್ಟೆ! ನಕಲು ನಡೆಯಿತು, ಡಿಸ್ಕು ತುಂಬಿತು, ಎರಡನೆಯ ಕಡತವು ದಕ್ಕಲಿಲ್ಲ. ಬೆಳಗಾಗುವಷ್ಟರಲ್ಲಿ ಮೂಲವೂ ಇರಲಿಲ್ಲ.

ಪರಿಹಾರವು ಪ್ರಾಥಮಿಕ ಶಾಲೆಯ ಹಲಗೆಯ ಮೇಲಿತ್ತು. ಬ್ಯಾಚ್ ಕಡತವು ಸಂಖ್ಯೆಯನ್ನು ಅಕ್ಷರಗಳ ಸಾಲಾಗಿಯೇ ಇಟ್ಟುಕೊಳ್ಳುವುದು. ಆದಕಾರಣ ಅದನ್ನು ಕತ್ತರಿಸಬಹುದು. ಕೊನೆಯ ಆರು ಅಂಕಿಗಳನ್ನು ಬೇರೆ, ಮೇಲಿನವನ್ನು ಬೇರೆ ಕೂಡಿ, ಕೆಳಗಿನ ಮೊತ್ತವು 10 ಲಕ್ಷವನ್ನು ಮುಟ್ಟಿದರೆ ದಶಕವೊಂದನ್ನು ಮೇಲಕ್ಕೆ ಒಯ್ದರಾಯಿತು. ಅಲ್ಲಿಯೂ ಒಂದು ಮುಳ್ಳುಂಟು. ಮೊದಲಲ್ಲಿ ಸೊನ್ನೆಯಿದ್ದರೆ ಆಜ್ಞೆಯು ಅದನ್ನು ಎಂಟರ ಎಣಿಕೆಯೆಂದು ಬಗೆದು, 050000ವನ್ನು 20480 ಎಂದು ಓದುವುದು; 080000ವನ್ನು ಸಂಖ್ಯೆಯೇ ಅಲ್ಲವೆನ್ನುವುದು. ಆದುದರಿಂದ ಮುಂದೆ 1ನ್ನು ಹಚ್ಚಿ, ಬಳಿಕ 10 ಲಕ್ಷವನ್ನು ಕಳೆಯಬೇಕು.

ಪವರ್‌ಶೆಲ್ಲನ್ನು ಕರೆದಿದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಲೆಕ್ಕಿಗನ ಅಭಿಮಾನವು ಅದಕ್ಕೆ ಒಪ್ಪಲಿಲ್ಲ. ಅಷ್ಟೇ ದೊಡ್ಡ ಕಡತಗಳನ್ನಿಟ್ಟು ಪರೀಕ್ಷಿಸಿದಾಗ ಮೇಲಿನ ಭಾಗವು 3,000 ಎಂದು ಬಂದು ನಕಲು ನಿಂತಿತು. ಅಳಿಸುವ ಸಾಲನ್ನಂತೂ ಆತನು ಮೊದಲೇ ತೆಗೆದುಹಾಕಿದ್ದನು.